ಬೇಸ್ತವಾರದ ನೀರಿನ ಬಾರಿ

ಬೀದರದ ಸರ್ಕಾರಿ ಬಾಗಿಗೆ ಮಾಲಿಯಾಗಿ ಸೇರುವ ಹೊಸಬರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಅವರು ಕೇಳುವುದು ಎರಡೇ ಮಾತು: ಸಾಹೇಬರ ಸ್ವಭಾವ ಹೇಗೆ, ರಜೆ ಎಷ್ಟು ಸಿಗುತ್ತದೆ. ಗಿಡದ ಮಾತು ಒಬ್ಬನೂ ಎತ್ತುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ಆದರೆ ಏನು ಮಾಡುವುದು, ಸೇರಿದ ಹೊಸದರಲ್ಲಿ ನಾನೂ ಅದನ್ನೇ ಕೇಳಿದ್ದೆ. ಅವರಿಗಾಗಿಯೇ ಇಷ್ಟು ಬರೆದಿಡುತ್ತಿದ್ದೇನೆ. ಮಾಲಿಯಾಗಿ ಸೇರಿದವನು ಬಾಗಿನ ದಾರೋಗಾ, ಅಂದರೆ ತೋಟದ ಮೇಲ್ವಿಚಾರಕ, ಹೇಗಾದೆ ಎಂಬ ಪುರಾಣ ಇದರಲ್ಲಿಲ್ಲ. ಮೇಲಿನವರು ಒಬ್ಬೊಬ್ಬರಾಗಿ ಮುದುಕರಾದರು, ನಾನು ಅಲ್ಲೇ ಇದ್ದೆ, ಅಷ್ಟೇ.

ನಾನು ಭಾಲ್ಕಿಯವನು. ನಮಗೆ ಬೀದರ ಅಂದರೆ ದೊಡ್ಡ ಶಹರ. ದರವಾಜೆ ದಾಟಿ ಒಳಗೆ ಬಂದರೆ ಮನೆಗೆ ಮನೆ ಅಂಟಿಕೊಂಡಿರುತ್ತಿತ್ತು; ಓಣಿಯಲ್ಲಿ ಎದುರಿಗೆ ಕುದುರೆ ಬಂದರೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಇಂಥ ಊರಿನ ನಡುವೆ, ಹಳೆಯ ಕೋಟೆ ಗೋಡೆಯ ಪಕ್ಕದಲ್ಲಿ ಆಗಿನ ಹೈದರಾಬಾದ ಸರ್ಕಾರದವರು ಮಾಡಿಸಿದ್ದ ತೋಟವೇ ಈ ಬಾಗು. ಗೋಡೆಯ ಸಂದುಗಳಲ್ಲಿ ಗಿಣಿಗಳು ಗೂಡು ಮಾಡಿದ್ದವು. ಬೆಳಗಿನ ಹೊತ್ತು ಗೇಟು ತೆರೆದರೆ ಮುಂಗುಸಿಯೊಂದು ದಾರಿಯ ನಡುವೆ ನಿಂತು, ನೀನ್ಯಾಕೆ ಬಂದಿ ಎನ್ನುವಂತೆ ನನ್ನ ಮುಖ ನೋಡುತ್ತಿತ್ತು. ಹೊಲ ಬಿಟ್ಟು ಬಂದವನಿಗೆ ಅಷ್ಟು ಸಾಕಾಗಿತ್ತು.

ಮೊದಲನೆಯ ವರ್ಷ ನಾನು ಹಚ್ಚಿದ ಮಲ್ಲಿಗೆ ಬಳ್ಳಿಗಳೆಲ್ಲ ಒಣಗಿದವು. ಭಾಲ್ಕಿಯಲ್ಲಿ ಹೇಗೆ ನೀರು ಬಿಡುತ್ತಿದ್ದೆವೋ ಹಾಗೇ ಇಲ್ಲೂ ಬಿಟ್ಟಿದ್ದೆ. ಆಗ ನಮ್ಮ ಹಿರಿಯ ಮಾಲಿ ಇಮಾಮಸಾಬ, ಎಲ್ಲರೂ ಉಸ್ತಾದ ಎಂದು ಕರೆಯುತ್ತಿದ್ದ ಮನುಷ್ಯ, ಒಣಗಿದ ಬಳ್ಳಿ ಕಿತ್ತು ನನ್ನ ಕೈಗೆ ಕೊಟ್ಟ.

“ಮಸ್ತ ಆತು ನೋಡಪ್ಪ. ಒಲಿ ಹಚ್ಚಲಿಕ್ಕಿ ಬರ್ತದ.”

“ನೀರ ಬಿಟ್ಟೀನಲ್ರಿ ಉಸ್ತಾದ.”

“ಬಿಟ್ಟಿ ಖರೆ. ನಿಮ್ಮ ಭಾಲ್ಕಿದು ಎರಿ ಮಣ್ಣು, ಒಮ್ಮಿ ಕುಡಿದ್ರ ವಾರಗಟ್ಲೆ ಹಿಡಿದಿಟ್ಕೊಂತದ. ಇದು ಬೀದರದ ಕೆಂಪು ಮಣ್ಣು. ಕುಡಿದಿದ್ದು ಅದಕ್ಕ ನೆಪ್ಪೇ ಇರಂಗಿಲ್ಲ. ಇದಕ್ಕ ಸ್ವಲ್ಪ ಸ್ವಲ್ಪ, ಮತ್ತ ಮತ್ತ ಕೊಡಬೇಕು.”

ಗಿಡದ ಹೆಸರುಗಳನ್ನು ಆಮೇಲೆ ಕಲಿಯಿರಿ, ಮೊದಲು ಮಣ್ಣು ಕೈಯಲ್ಲಿ ಹಿಡಿದು ನೋಡಿರಿ ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಸಾಹೇಬರ ವಿಷಯ ಕೇಳುತ್ತೀರಲ್ಲ, ಒಬ್ಬರದು ಹೇಳುತ್ತೇನೆ. ಅವರು ಗಿಡಗಳನ್ನು ಪೊಲೀಸರ ಹಾಗೆ ಸಾಲಾಗಿ ನಿಲ್ಲಿಸಬೇಕು ಎನ್ನುವವರು. ಹೈದರಾಬಾದಿನಿಂದ ವಿಲಾಯತಿ ಹೂವಿನ ಬೀಜ ತರಿಸಿದ್ದೇನೆ ಎಂದು ಒಂದು ಪುಡಿಕೆ ಕೊಟ್ಟರು. ನಾವು ಕಚೇರಿಯ ಎದುರಿನ ಮಡಿಯಲ್ಲೇ ಬಿತ್ತಿ, ಬಿಸಿಲಿಗೆ ಚಪ್ಪರ ಹಾಕಿ, ಕೂಸಿನ ಹಾಗೆ ಸಾಕಿದೆವು. ಬಂದವರಿಗೆಲ್ಲ ಸಾಹೇಬರು ಅದನ್ನು ತೋರಿಸಿದ್ದೇ ತೋರಿಸಿದ್ದು. ಕೊನೆಗೆ ನೋಡಿದರೆ ಎಲೆಕೋಸು! ಅವರ ಅಡುಗೆಯವನು ಬಂದು ಎಲ್ಲವನ್ನೂ ಕೊಯ್ದುಕೊಂಡು ಹೋದ. ನಾವು ಮುಖ ಆಚೆ ತಿರುಗಿಸಿ ನಕ್ಕೆವು. ಅದೇ ಸಾಹೇಬರು ಮಾಡಿಸಿದ ಇನ್ನೊಂದು ಕೆಲಸ ಮಾತ್ರ ನನ್ನ ಬದುಕಿಗೆ ಉಪಯೋಗವಾಯಿತು. ಗೇಟಿನಿಂದ ಬಾಗಿನೊಳಗೆ ಹೋಗುವ ದೊಡ್ಡ ದಾರಿಯ ಎರಡೂ ಬದಿಗೆ ಹುಲ್ಲು ಚೆನ್ನಾಗಿ ಬರಲಿ ಎಂದು ಭಾಲ್ಕಿ ಕಡೆಯಿಂದ ಗಾಡಿಗಟ್ಟಲೆ ಎರಿ ಮಣ್ಣು ತರಿಸಿ ಹಾಕಿಸಿದರು. ಒಂದೇ ಮಳೆಗಾಲಕ್ಕೆ ಆ ಕಪ್ಪು ಮಣ್ಣು ಹರಿದು ದಾರಿಯ ತುಂಬ ಹರಡಿತು. ಒಣಗಿದಾಗ ಏನೂ ತೊಂದರೆಯಿಲ್ಲ. ಹಸಿಯಾದರೆ ಮಾತ್ರ ಕಾಲಿಗೆ ಅಂಟಿ, ಹೆಜ್ಜೆ ಹೆಜ್ಜೆಗೂ ಜೋಡು ಭಾರವಾಗುತ್ತಿತ್ತು. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಮಣ್ಣು ನಮಗೆ ಉಳಿಯಿತು.

ನನ್ನ ಮದುವೆಯಾದದ್ದು ಆ ಹೊತ್ತಿಗೆ; ಅಷ್ಟರಲ್ಲಿ ನಾನು ದಾರೋಗಾ ಆಗಿದ್ದೆ. ಹೆಂಡತಿ ಕಾಶಮ್ಮ ಔರಾದ ಕಡೆಯ ಹಳ್ಳಿಯವಳು. ತಂದೆಯ ತೋಟದಲ್ಲಿ ಸಣ್ಣವಳಿದ್ದಾಗಿನಿಂದ ನೀರು ಹಾಯಿಸುತ್ತ ಬೆಳೆದವಳು. ನಾನು ಅವಳನ್ನು ತಂದು ಇಟ್ಟದ್ದು ಬಿದರಿ ಕೆಲಸದವರ ಓಣಿಯ ಒಂದು ಮನೆಯಲ್ಲಿ. ಎರಡು ಕೋಣೆ, ಹಿತ್ತಲಿಲ್ಲ, ಅಂಗಳವಿಲ್ಲ, ಎದುರಿಗೆ ಇನ್ನೊಬ್ಬರ ಗೋಡೆ. ದಿನವಿಡೀ ಟಕಟಕ ಸುತ್ತಿಗೆ ಸಪ್ಪಳ. ಮೊದಲ ತಿಂಗಳು ಅವಳು ಮಾತಾಡಿದಳು. ಆಮೇಲೆ ಕೇಳಿದ್ದಕ್ಕಷ್ಟೇ ಉತ್ತರ. ಒಮ್ಮೆ ನಾನು ಮನೆಗೆ ಬಂದ ಮೇಲೆ ಹೊಸ್ತಿಲಲ್ಲಿ ಕೂತು, ನಾನು ಕಳಚಿಟ್ಟ ಜೋಡಿಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆದು ಬೆರಳಲ್ಲಿ ಹೊಸಕುತ್ತಿದ್ದಳು.

“ಏನ್ ಮಾಡಾಕತ್ತಿ?” ಎಂದೆ.

“ಏನಿಲ್ಲರಿ. ನಿಮಗ ದಿನಾ ಮಣ್ಣ ಸಿಗ್ತದ. ನನಗ ಬರೇ ಗಚ್ಚು.”

ಬಾಗಿನ ದಾರೋಗಾ ನಾನು, ಊರಿನ ಹಸಿರೆಲ್ಲ ನನ್ನ ಕೈಯಲ್ಲಿ, ಆದರೆ ಹೆಂಡತಿಯನ್ನು ಒಂದು ಗಿಡದ ಕೆಳಗೆ ಕೂಡಿಸುವ ಹಾಗಿರಲಿಲ್ಲ. ಸಂಜೆ ಹೊತ್ತು ಬಾಗಿನಲ್ಲಿ ತಿರುಗಾಡುವವರು ಬರೀ ಗಂಡಸರು. ನಡುವೆ ಹೆಂಗಸೊಬ್ಬಳು ಕಂಡರೆ ಓಣಿಯ ತುಂಬ ಅದೇ ಮಾತು.

ಪುಣ್ಯಕ್ಕೆ ಮುಂದೆ ಬಂದ ಮೊಹತಮೀಮ್ ಸಾಹೇಬರು, ಅಂದರೆ ಊರಿನ ರಸ್ತೆ, ದೀಪ, ಬಾಗು ನೋಡಿಕೊಳ್ಳುವ ಅಧಿಕಾರಿ, ಹೈದರಾಬಾದಿನ ಪದ್ಧತಿಯಂತೆ ಬೇಸ್ತವಾರ ಮಧ್ಯಾಹ್ನದಿಂದ ಬಾಗನ್ನು ಹೆಂಗಸರಿಗೆ ಬಿಟ್ಟುಕೊಡಬೇಕೆಂದು ಹುಕುಂ ಮಾಡಿದರು. ಗೇಟಿಗೆ ಬಟ್ಟೆಯ ಕನಾತು ಕಟ್ಟಿ, ಮಾಲಿಗಳೆಲ್ಲ ಹೊರಗೆ ನಡೆಯಬೇಕು, ದಾರೋಗಾ ಕೂಡ. ಇಮಾಮಸಾಬನ ಹೆಂಡತಿ ಹುಸೇನಬಿ ಗೇಟಿನಲ್ಲಿ ಕೂರುತ್ತಿದ್ದಳು. ಪರದೆ ಹಾಕಿದ ಟಾಂಗಾಗಳು ಬರುತ್ತಿದ್ದವು, ಸೆರಗು ಹೊದ್ದ ನಮ್ಮ ಕಡೆಯ ಹೆಂಗಸರು ಗುಂಪಾಗಿ ನಡೆದು ಬರುತ್ತಿದ್ದರು. ಕಾಶಮ್ಮನೂ ಹೋದಳು.

ಒಳಗೆ ಅವರೆಲ್ಲ ಏನು ಮಾಡುತ್ತಿದ್ದರು ಎಂಬುದು ನನಗೆ ಇಂದಿಗೂ ಪೂರ್ತಿ ಗೊತ್ತಿಲ್ಲ. ಶುಕ್ರವಾರ ಬೆಳಿಗ್ಗೆ ನೋಡಿದರೆ ನಾವು ಬೆವರು ಸುರಿಸಿ ಬೆಳೆಸಿದ ಗುಲಾಬಿ ಮಡಿಯ ಹತ್ತಿರ ಒಂದು ಹೆಜ್ಜೆಯ ಗುರುತೂ ಇರುತ್ತಿರಲಿಲ್ಲ. ಸೀತಾಫಲದ ಗಿಡಗಳ ಹಿಂದೆ, ಕೋಟೆ ಗೋಡೆಯ ಬುಡದಲ್ಲಿ, ನಾವು ಯಾರೂ ಕೈ ಹಚ್ಚದೆ ಬಿಟ್ಟಿದ್ದ ಮೂಲೆಯಲ್ಲಿ ಮಾತ್ರ ಹುಲ್ಲೆಲ್ಲ ಮಲಗಿರುತ್ತಿತ್ತು. ಉಸ್ತಾದ ಮೊದಲು ಆಡು ನುಗ್ಗಿವೆ ಎಂದುಕೊಂಡು ಬೇಲಿಯ ಕಂಡಿ ಹುಡುಕಿದ. ಮನೆಯಲ್ಲಿ ಹುಸೇನಬಿ ಅವನಿಗೆ ಚೆನ್ನಾಗಿ ಛೀಮಾರಿ ಹಾಕಿದಳಂತೆ. “ನಾವೇನು ಆಡೇನು? ನೆಳ್ಳಿಗಿ ಕೂಡಬಾರದಾ?” ಶಹರದವರು ಅಚ್ಚುಕಟ್ಟಾದ ಹೂವು ನೋಡಲು ಬರುತ್ತಾರೆ ಎಂದು ನಾವು ತಿಳಿದಿದ್ದೆವು. ಅವರಿಗೆ ಬೇಕಾಗಿದ್ದದ್ದು ಕಾಲು ಚಾಚಿ ಕೂರುವಷ್ಟು ನೆಲ.

ಆ ದಿನಗಳಲ್ಲಿ ಬೇಸ್ತವಾರ ರಾತ್ರಿಯ ಊಟ ನಮ್ಮ ಮನೆಯಲ್ಲಿ ಹಬ್ಬದ ಊಟ. ಪುಂಡಿ ಪಲ್ಯ, ರೊಟ್ಟಿ ಅಷ್ಟೇ ಇದ್ದರೂ ಜೊತೆಗೆ ಮಾತಿರುತ್ತಿತ್ತು. ಗಿಣಿ ಮರಿ ಹಾರಲು ಕಲಿತದ್ದು, ಮುನಸಫರ ಮನೆಯ ಅಮ್ಮ ಹುಣಸೆ ಚಿಗುರು ತಿಂದು ಮುಖ ಹಿಂಡಿದ್ದು, ಎಲ್ಲ ಹೇಳುತ್ತಿದ್ದಳು. ನನ್ನ ಬಾಗಿನ ಸುದ್ದಿಯನ್ನು ನಾನೇ ಹೊಸದಾಗಿ ಕೇಳುತ್ತಿದ್ದೆ.

ಆ ಸಾಹೇಬರೂ ಹೋದರು. ಹೊಸ ಮೊಹತಮೀಮರು ಬಂದ ಮೇಲೆ ಈ ಏರ್ಪಾಡು ನಿಂತಿತು. ಆಗ ಶುಕ್ರವಾರ ಕಚೇರಿಗೆ ರಜೆಯಾದ್ದರಿಂದ ಬೇಸ್ತವಾರ ಸಂಜೆಯೇ ಅಧಿಕಾರಿಗಳಿಗೆ ಬಿಡುವು. ಆಗಲೇ ಬಾಗಿನ ಬಾಗಿಲು ಮುಚ್ಚಿರುತ್ತದೆ ಎಂದು ಅವರ ದೂರು. ನಾನು ಧೈರ್ಯ ಮಾಡಿ ಹೊಸ ಸಾಹೇಬರ ಹತ್ತಿರ ಹೋಗಿ ಕೈ ಮುಗಿದೆ. ಅವರು ಕೆಟ್ಟವರಲ್ಲ. ನನ್ನನ್ನು ನಿಲ್ಲಿಸಿ ಸಮಾಧಾನದಿಂದಲೇ ಹೇಳಿದರು. ಅವರ ಉರ್ದುವನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ದಾರೋಗಾ, ಬಾಗು ಎಲ್ಲಾರಿಗೂ ದಿನಾ ತೆರೆದೇ ಇರ್ತದ. ಹೆಂಗಸರಿಗಿ ಬರಬ್ಯಾಡ ಅಂತ ಯಾರ ಹೇಳ್ಯಾರ?”

“ಹೇಳಿಲ್ಲ ಹುಜೂರ. ಆದ್ರ ಅವರು ಬರಂಗಿಲ್ಲರಿ.”

“ಅದಕ್ಕ ನಾ ಏನ್ ಮಾಡ್ಲಿ?”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಮನೆಗೆ ಬಂದು ಹೇಳಿದೆ. ಕಾಶಮ್ಮ ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಔರಾದ ಸಂತೆಗೆ ಹೋಗುವವರ ಕೈಯಲ್ಲಿ ತಮ್ಮನಿಗೆ ಹೇಳಿಕಳಿಸಿದಳು: ಜೋಳದ ರಾಶಿ ಮುಗಿದ ಮೇಲೆ ಗಾಡಿ ತಗೊಂಡು ಬಾ.

“ಎಷ್ಟ ದಿನಕ್ಕ ಹೊಂಟಿ?” ಎಂದೆ.

“ನೋಡ್ತೇನ್ರಿ,” ಎಂದಳು.

ಆ ‘ನೋಡ್ತೇನ್ರಿ’ ಎಂಬುದರ ಅರ್ಥ ನನಗೆ ಗೊತ್ತಾಯಿತು. ಒಮ್ಮೆ ಹೋದರೆ ಇವಳು ಈ ಓಣಿಗೆ ತಿರುಗಿ ಬರುವುದಿಲ್ಲ. ಬಾ ಎಂದು ಕರೆಯಲು ನನ್ನ ಹತ್ತಿರ ಏನಿತ್ತು? ಎರಡು ಕೋಣೆ, ಒಂದು ಗೋಡೆ. ನೌಕರಿ ಬಿಟ್ಟು ಹೋಗೋಣವೆಂದರೆ ಭಾಲ್ಕಿಯ ಹೊಲ ಅಣ್ಣಂದಿರ ಪಾಲಾಗಿತ್ತು. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಗಿಡದ ಮುಖ ನೋಡಲೂ ಬೇಸರವಾಗುತ್ತಿತ್ತು.

ಆಗ ಒಂದು ಬೇಸ್ತವಾರ ಕಾಲುವೆ ಒಡೆಯಿತು. ನಮ್ಮ ಬಾವಿ ಇದ್ದದ್ದು ಬಾಗಿನ ಗೋಡೆಯ ಹೊರಗೆ. ಅಲ್ಲಿ ಎತ್ತು ಕಟ್ಟಿ, ಚರ್ಮದ ಮೊಟದಿಂದ ನೀರೆತ್ತಿ ಸುರಿದರೆ, ಗೋಡೆಯ ಕಿಂಡಿಯಿಂದ ಅದು ಒಳಗಿನ ಕಾಲುವೆಗೆ ಬರುತ್ತಿತ್ತು. ಇಮಾಮಸಾಬನಿಗೆ ವಯಸ್ಸಾಗಿದ್ದರಿಂದ ಆಗ ಅವನದು ಎತ್ತು ಹೊಡೆಯುವ ಕೆಲಸ. ಒಳಗೆ ಕಾಲುವೆಯ ಬದು ಕುಸಿದದ್ದು ಅವನಿಗೆ ಕಾಣಲಿಲ್ಲ. ನೀರೆಲ್ಲ ದೊಡ್ಡ ದಾರಿಗೆ ನುಗ್ಗಿ ಎರಿ ಮಣ್ಣು ರಾಡಿಯಾಯಿತು. ಸಂಜೆ ಬೂಟು ಹಾಕಿಕೊಂಡು ಬಂದ ಅಧಿಕಾರಿಗಳು ನಾಲ್ಕು ಹೆಜ್ಜೆ ಇಟ್ಟು, ಕಾಲು ಎತ್ತಲಾಗದೆ, ನನ್ನನ್ನು ಬೈದು ಗೇಟಿನಿಂದಲೇ ತಿರುಗಿದರು. ಬಾಗು ಖಾಲಿಯಾಯಿತು. ಗಂಡನಿಗೆ ರೊಟ್ಟಿ ತಂದಿದ್ದ ಹುಸೇನಬಿ ಚಪ್ಪಲಿ ಕೈಯಲ್ಲಿ ಹಿಡಿದು, ಆ ರಾಡಿಯಲ್ಲಿ ಪಚಪಚ ನಡೆದು, ಸೀದಾ ಸೀತಾಫಲದ ಹಿಂದೆ ಹೋಗಿ ಕೂತಳು.

ನಾನು ಅಲ್ಲೇ ನಿಂತು ನೋಡಿದೆ. ಬಾವಿಯ ಹತ್ತಿರ ಹೋಗಿ ಉಸ್ತಾದನಿಗೆ ಹೇಳಿದೆ.

“ಉಸ್ತಾದ, ದೊಡ್ಡ ದಾರಿ ಕಡೀ ಹುಲ್ಲಿಗಿ ವಾರಕ್ಕೊಮ್ಮಿ ತುಂಬ ನೀರ ಬೇಕಲ್ಲೇನ್ರಿ?”

“ಬೇಕು. ಮಂಗಳಾರ ಬಿಡ್ತೀವಲ್ಲ.”

“ಬೇಸ್ತವಾರ ಬಿಟ್ರ ಹ್ಯಾಂಗ?”

ಅವನು ಎತ್ತು ನಿಲ್ಲಿಸಿ ನನ್ನನ್ನು ನೋಡಿದ. ಆಮೇಲೆ ಗಡ್ಡ ಅಲುಗುವ ಹಾಗೆ ನಗತೊಡಗಿದ. “ಅಬ್ಬಾ ಭಾಲ್ಕಿಯವನ! ಭೋಳೆ ಅಂತ ತಿಳಿದಿದ್ದೆ ನಿನಗ. ಆದ್ರ ಒಳಗ ನೀರ ಹಾಯಸೋರು ಯಾರು? ನಾವಂತೂ ಒಳಗ ಇರಂಗಿಲ್ಲ.”

ಅದು ದೊಡ್ಡ ಪ್ರಶ್ನೆಯೇ. ನೀರು ಬಿಟ್ಟರಾಯಿತೇ, ಒಳಗೆ ಸಲಿಕೆ ಹಿಡಿದು ಒಂದು ಮಡಿ ತುಂಬಿದ ಮೇಲೆ ಬದು ಮುಚ್ಚಿ ಇನ್ನೊಂದು ಮಡಿಗೆ ತಿರುವಬೇಕು. ಗಂಡಸರು ನಿಂತರೆ ಹೆಂಗಸರು ಬರುವುದಿಲ್ಲ. ಆ ಸಂಜೆ ಉಸ್ತಾದ ಮತ್ತು ಹುಸೇನಬಿ ನಮ್ಮ ಮನೆಗೆ ಬಂದು ಕೂತರು. ಹುಸೇನಬಿ ಕೈ ಅಲ್ಲಾಡಿಸಿಬಿಟ್ಟಳು. “ಗೇಟ ಕಾಯ್ತೇನಿ, ಮನಿ ಮನಿಗಿ ಸುದ್ದಿ ಮುಟ್ಟಿಸ್ತೇನಿ. ಸಲಕಿ ಮಾತ್ರ ನನ್ನ ಕೈಲಿ ಆಗಲ್ಲಪ್ಪ.”

ಒಳಗಿನಿಂದ ಕಾಶಮ್ಮನ ದನಿ ಬಂತು. “ನಾ ಹಾಯಿಸ್ತೇನಿ.”

ಅವಳು ಹಿಟ್ಟು ಹತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ನಮ್ಮಪ್ಪನ ತೋಟದಾಗ ನಾನೇ ಹಾಯಿಸ್ತಿದ್ದೆ. ನೀರ ಎಲ್ಲಿ ನಿಲ್ತದ, ಎಲ್ಲಿ ಓಡ್ತದ, ನನಗ ಗೊತ್ತದ. ಶಿವರಾಯ ಬರೂತನ ಮಾಡ್ತೇನಿ.”

ಶಿವರಾಯ ಅವಳ ತಮ್ಮ. ಅವನು ಬರುವ ತನಕ ಮಾತ್ರ. ಆ ಮಾತು ನನಗೆ ಚುಚ್ಚಿದರೂ ಆಗಲಿ ಎಂದೆ.

ಮುಂದಿನ ಬೇಸ್ತವಾರ ಮಾಲಿಗಳನ್ನೆಲ್ಲ ಗೊಬ್ಬರ ತರಲು ಜನವಾಡದ ದಾರಿಗೆ ಅಟ್ಟಿದೆ. ಹೊರಗೆ ಉಸ್ತಾದ ಎತ್ತಿನ ಜೊತೆ, ಅವನ ಪಕ್ಕ ನಾನು, ಒಳಗೆ ಹೆಂಗಸರು. ನೀರು ಸಾಕೆನಿಸಿದಾಗ ಕಾಶಮ್ಮ ಸೀಮೆಎಣ್ಣೆಯ ಖಾಲಿ ಡಬ್ಬಿ ಬಾರಿಸಬೇಕು, ಇಲ್ಲಿ ಎತ್ತು ನಿಲ್ಲಬೇಕು ಎಂದು ಮಾತಾಗಿತ್ತು. ಆದರೆ ಉಸ್ತಾದನಿಗೆ ಎತ್ತು ಹೊಡೆಯುವಾಗ ಹಾಡುವ ರೂಢಿ. ನಾನೋ ನೆರಳಿಗೆ ಕೂತವನು ಜೊಂಪು ಹತ್ತಿ ತೂಕಡಿಸಿದೆ. ಒಳಗೆ ಡಬ್ಬಿ ಬಾರಿಸುತ್ತಿದ್ದಾರೆ, ಇಲ್ಲಿ ಹಾಡು ನಡೆದಿದೆ, ನೀರು ಹೋಗುತ್ತಿದೆ. ನಾನು ಎಚ್ಚೆತ್ತದ್ದು ಒಳಗೆ ಎದ್ದ ಗದ್ದಲಕ್ಕೆ. ಮೊದಲು ಯಾರೋ ಧೊಪ್ಪನೆ ಬಿದ್ದ ಸಪ್ಪಳ, ಆಮೇಲೆ “ಅಯ್ಯಯ್ಯೋ, ಯಾ ಅಲ್ಲಾ!” ಎಂಬ ಕೂಗು, ಅದರ ಹಿಂದೆಯೇ ನಗು. ಒಬ್ಬರದಲ್ಲ, ಇಡೀ ಬಾಗಿನ ನಗು. ಅದರ ನಡುವೆ ಒಂದು ನಗುವನ್ನು ನಾನು ಗುರುತು ಹಿಡಿದೆ. ಮದುವೆಯಾದ ಮೊದಲ ತಿಂಗಳು ಕೇಳಿದ್ದ ನಗು, ಉಸಿರು ಸಿಗದೆ ನಡುನಡುವೆ ನಿಂತು ಮತ್ತೆ ಹೊರಡುವಂಥದು. ನಾನು ಗೋಡೆಗೆ ಅಂಗೈ ಹಚ್ಚಿ ನಿಂತುಬಿಟ್ಟೆ. ಕಣ್ಣು ತುಂಬಿ ಬಂತು.

“ಯಾಕ, ಏನಾತು?” ಎಂದು ಉಸ್ತಾದ ಗಾಬರಿಯಾದ.

“ಏನಿಲ್ಲರಿ. ಎತ್ತ ನಿಂದ್ರಸ್ರಿ, ನೀರ ಭಾಳ ಆಗ್ಯಾದ.”

ಮೊಹತಮೀಮ್ ಸಾಹೇಬರ ಕಿವಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಎರಡು ಮೂರು ಬೇಸ್ತವಾರ ಕಳೆದ ಮೇಲೆ ಗೇಟಿನ ಹೊರಗೆ ನನ್ನನ್ನು ಕರೆಸಿದರು. ಅವರ ಬೂಟಿನ ತುದಿಗೆ ಆಗಲೇ ಕಪ್ಪು ಮಣ್ಣು ಹತ್ತಿತ್ತು.

“ಬೇಸ್ತವಾರನೇ ಯಾಕ ನೀರ ಬಿಡ್ತಿ?”

“ಶುಕ್ರವಾರ ರಜಾ ದಿನ ಹುಜೂರ ತಿರಗಾಡ್ತೀರಿ. ಹುಲ್ಲು ತಾಜಾ ಇರಲಿ ಅಂತ್ರಿ.”

ಅವರು ಒಳಗೆ ಕಿವಿಗೊಟ್ಟರು. ಹೆಂಗಸರ ಮಾತು, ಮಕ್ಕಳ ಕೂಗು, ಡಬ್ಬಿಯ ಸಪ್ಪಳ. ನನ್ನ ನೌಕರಿ ಹೋಯಿತು ಎಂದುಕೊಂಡೆ. ಅವರು ಬೂಟನ್ನು ಕಲ್ಲಿಗೆ ತಿಕ್ಕುತ್ತ, “ಹುಲ್ಲಿನ ಮ್ಯಾಲೆ ಇಷ್ಟ ಪ್ರೀತಿ ಇರೋ ದಾರೋಗಾನ ನಾ ನೋಡಿಲ್ಲ,” ಎಂದರು. ಆಮೇಲೆ, “ನೀರಿನ ದಿನ ಗಂಡಸರು ಬಂದ್ರ ದಾರಿ ಹಾಳಾಗ್ತದ, ಬರಬ್ಯಾಡ್ರಿ ಅಂತ ಗೇಟಿಗಿ ಹಲಗಿ ಹಚ್ಚಸು,” ಎಂದು ಹೇಳಿ ಟಾಂಗಾ ಹತ್ತಿದರು. ಮೇಲಿನವರು ಹುಕುಂ ಹೊರಡಿಸಿದ ಮೇಲೆ ಅದನ್ನು ಹಿಂದಕ್ಕೆ ತೆಗೆಯುವುದಿಲ್ಲ. ಅದರ ಪಕ್ಕದಲ್ಲಿ ಒಂದು ಸಂದು ಬಿಡುತ್ತಾರೆ. ಅಂಥ ಸಂದು ಕಂಡಾಗ ಹೆಚ್ಚು ಮಾತಾಡದೆ ಸಲಾಂ ಮಾಡಿ ಬರಬೇಕು.

ಅಷ್ಟರಲ್ಲಿ ರಾಶಿಯೂ ಮುಗಿಯಿತು. ಒಂದು ಬೇಸ್ತವಾರ ಸಂಜೆ ಶಿವರಾಯ ಗಾಡಿ ಹೊಡೆದುಕೊಂಡು ಬಂದ. ಅಕ್ಕನಿಗೆ ಕುಲುಕಾಟವಾಗಬಾರದೆಂದು ಗಾಡಿಯ ತುಂಬ ಜೋಳದ ಕಣಕಿ ಹಾಸಿ, ಮೇಲೆ ಕೌದಿ ಹಾಸಿದ್ದ. ಓಣಿಯೊಳಗೆ ಗಾಡಿ ಹಿಡಿಯದೆ ತುದಿಯಲ್ಲೇ ನಿಲ್ಲಿಸಿದ್ದ.

“ಮಾಮಾ, ಯಕ್ಕ ಎಲ್ಲಿ?”

“ಬಾಗಿನ್ಯಾಗ ಅದಾಳ. ಬರ್ತಾಳ, ಕೂಡು.”

ಅವಳು ಒಂದು ಮಾತೂ ಹೇಳಿರಲಿಲ್ಲ. ಹೋಗುವುದಿಲ್ಲ ಎಂದಿರಲಿಲ್ಲ, ನಾನೂ ಕೇಳಿರಲಿಲ್ಲ. ಕೇಳಿದರೆ ಬರುವ ಉತ್ತರಕ್ಕೆ ಅಂಜಿದ್ದೆ. ಅವಳು ಬರುವುದರೊಳಗೆ ನಾನೇ ಅವಳ ಸೀರೆ, ಕುಬಸ, ತವರಿನಿಂದ ತಂದಿದ್ದ ತಂಬಿಗೆ ಎಲ್ಲ ಗಂಟು ಕಟ್ಟಿಟ್ಟೆ.

ಕಾಶಮ್ಮ ಬಂದಳು. ಸೀರೆ ಎತ್ತಿ ಕಟ್ಟಿದ್ದಳು, ಮೊಣಕಾಲಿನ ತನಕ ಕೆಸರು, ಹಣೆಗೂ ಒಂದು ಗೀರು ಹತ್ತಿತ್ತು. ತಮ್ಮನನ್ನು ಕಂಡು ಅವಳ ಮುಖ ಅರಳಿತು.

“ಯಕ್ಕಾ, ಗಾಡಿ ತಂದೀನಿ. ಹೊಂಡು,” ಎಂದ ಶಿವರಾಯ.

ಅವಳು ನಾನು ಕಟ್ಟಿಟ್ಟ ಗಂಟನ್ನು ನೋಡಿದಳು. ನನ್ನನ್ನು ನೋಡಿದಳು. ಹೊಸ್ತಿಲಲ್ಲಿ ಕೂತು ಅಂಗೈ ಚಾಚಿ ತಮ್ಮನಿಗೆ ತೋರಿಸಿದಳು. ಬೆರಳಿನ ಬುಡದಲ್ಲಿ ಗುಳ್ಳೆ ಎದ್ದು ಒಡೆದಿದ್ದವು.

“ನೋಡಿಲ್ಲಿ, ಹ್ಯಾಂಗಾಗ್ಯಾದ. ಇಲ್ಲಿವು ಎಲ್ಲಾ ಗಂಡಸರ ಕೈಗಿ ಮಾಡಿದ ಸಲಕಿ. ಅಪ್ಪನ ಮನ್ಯಾಗ ನಂದು ಸಣ್ಣ ಹಿಡಿಕಿಂದು ಅದಲ್ಲ, ಬರೂ ಮುಂದ ಅದು ತರಬಾರದಿತ್ತಾ ತಮ್ಮಾ? ಇರಲಿ, ಉಂಡು ಹೋಗು. ಮುಂದಿನ ಬೇಸ್ತವಾರದೊಳಗ ತಂದು ಕೊಡು.”

ಶಿವರಾಯನಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದ. ನಾನು ಕೆಳಗೆ ಕೂತು ಗಂಟು ಬಿಚ್ಚತೊಡಗಿದೆ.